ಕಂಡಕ್ಟರ್ ಹೇಳಿದ ಮೇಲೆ

ಬಂದರಿನ ಊರಿನಿಂದ
ಜನವರಿ ೯

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಕೈಸೇರಿತು. ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಮಹಾರಾಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮಗೆ ಮನೆ ವಿಳಾಸ ಅಂತ ಒಂದು ಇಲ್ವಾ?" ಅಂದ. "ಇದೆಯಪ್ಪ, ಹೊರಗೆ ನಿಂತಿದೆ, ಇಂಜಿನ್ ಆರಿಸಿಲ್ಲ, ಬೇಗ ಕೊಡು" ಅಂದೆ. ನಾವು ಮುಂದೆ ಹೋಗುವ ಊರಿನ ದೊಡ್ಡ ಅಂಚೆ ಕಚೇರಿಗೆ ನೀನು ಬರೆದು ಹಾಕುವುದು, ನಾವು ಹೋಗಿ ಕೇಳಿ ತೆಗೆದುಕೊಳ್ಳುವುದು, ಈ ಏರ್ಪಾಡು ಇಷ್ಟು ಚೆನ್ನಾಗಿ ನಡೆಯುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಫೋನು ಮಾಡಿ ಮುಗಿಸಬಾರದೇ ಅಂತ ನಿನ್ನ ಭಾವ ಗೊಣಗುತ್ತಾರೆ. ಊಟದ ಹೊತ್ತಿಗೆ ಹೊಲಿಗೆ ಕಾರ್ಖಾನೆಯ ಹೆಂಗಸರಿಗೆಲ್ಲ ಓದಿ ಹೇಳಲು ನಿನಗೆ ಕಾಗದವೇ ಆಗಬೇಕು ಅನ್ನುವುದು ಅವರಿಗೇನು ಗೊತ್ತು.

ಹಾಗಾದರೆ ಓದಿ ಹೇಳು. ನಮ್ಮ ಡಬ್ಬಿ (ಇವರು ಗಾಡಿಗೆ ಇಟ್ಟ ಹೆಸರು ಅದೇ) ಮುಂಚೆ ಶಾಲೆಯ ಮಕ್ಕಳನ್ನು ಹೊರುತ್ತಿತ್ತು, ಈಗ ನಮ್ಮನ್ನು ಹೊರುತ್ತಿದೆ. ಮಂಚ ಮಡಚಿದರೆ ಮೇಜು, ಮೇಜು ಎತ್ತಿದರೆ ನೀರಿನ ಟ್ಯಾಂಕು. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಅದಕ್ಕೆ ಡಬ್ಬಿಯಲ್ಲಿ ಇದ್ದು ನೋಡು ಅಂತ ಒಂದು ಸೇರಿಸಬೇಕು. ಆದರೂ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಸಮುದ್ರ. ಇವರು ಡ್ರೈವರ್, ನಾನು ಕಂಡಕ್ಟರ್ ಆಗಿ ಇಪ್ಪತ್ತಾರು ವರ್ಷ ಒಂದೇ ಬಸ್ಸಿನಲ್ಲಿ, ಒಂದೇ ದಾರಿಯಲ್ಲಿ ದುಡಿದು, ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಟ್ಟುಕೊಟ್ಟ ದಿನ ಇವರು ಏನಂದರು ಗೊತ್ತಲ್ಲ: "ಹೋದ ದಾರೀಲೇ ವಾಪಸ್ ಬಂದು ಬಂದು ಸಾಕಾಯ್ತು ಕಣೇ. ಇನ್ನು ವಾಪಸ್ ಬರದ ದಾರೀಲಿ ಹೋಗೋಣ."

ಕಂಡಕ್ಟರ್ ಕೆಲಸ ಮಾತ್ರ ನನಗೆ ತಪ್ಪಿಲ್ಲ. ಸೀಟಿ ಕೊರಳಲ್ಲೇ ಇದೆ. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಗಾಡಿ ಹಿಂದಕ್ಕೆ ತೆಗೆಯುವಾಗ ನಾನು ಇಳಿದು ನಿಂತು ಊದುತ್ತೇನೆ. ಕನ್ನಡಿಯನ್ನೂ ಒಮ್ಮೆ ನೋಡಿ ಅಂದರೆ, "ಕಂಡಕ್ಟರ್ ಹೇಳಿದ ಮೇಲೆ ಕನ್ನಡಿ ಯಾಕೆ?" ಅನ್ನುತ್ತಾರೆ. ಈ ಜನ್ಮದಲ್ಲಿ ಇನ್ನು ಕಲಿಯುವ ಪೈಕಿ ಅಲ್ಲ.

ನಿನ್ನ ಹಿಂದಿನ ಕೋಣೆಯಲ್ಲಿಟ್ಟ ನಮ್ಮ ಟ್ರಂಕುಗಳಿಗೆ ಇರುವೆ ಹತ್ತದಂತೆ ನೋಡಿಕೋ. ಕೈಕಾಲು ಸೋತ ದಿನ ಅಲ್ಲಿಗೇ ತಾನೆ ನಾವು ಬರಬೇಕಾದದ್ದು. ನಿನ್ನ ಮಗಳು, ಅಳಿಯ ಚೆನ್ನಾಗಿದ್ದಾರಾ? ನಾನು ಮುಂದೆ ನಿಂತು ಮಾಡಿಸಿದ ಮದುವೆ, ಕೇಳುವ ಅಧಿಕಾರ ನನಗಿದೆ.

ನಿನ್ನ ಅಕ್ಕ

~

ಜನವರಿ ೨೨

ಅಕ್ಕಾ,

ನಿನ್ನ ಕಾಗದ ಓದಿದಾಗ ಊಟದ ಕೋಣೆಯಲ್ಲಿ ನಕ್ಕು ನಕ್ಕು ಕಾಲರ್ ಹೊಲಿಯುವವಳಿಗೆ ಬಿಕ್ಕಳಿಕೆ ಹತ್ತಿತು. ಮೇಲ್ವಿಚಾರಕಿ ಬಂದು "ಏನಿದು ಸಂತೆ" ಅಂತ ಕೂಗಿದವಳು ತಾನೂ ಕೂತು ಮೊದಲಿಂದ ಇನ್ನೊಮ್ಮೆ ಓದಿಸಿದಳು. ಗುಂಡಿ ತೂತು ಹೊಲಿಯುವ ನಮ್ಮ ಕಾಜಾ ಮೆಷಿನ್ನಿನ ಎದುರು ಇರುವುದು ಒಂದು ಗೋಡೆ, ಆ ಗೋಡೆಯ ಮೇಲೆ ಕ್ಯಾಲೆಂಡರು. ನಿನಗೆ ದಿನಕ್ಕೊಂದು ಕಿಟಕಿ. ಪುಣ್ಯ ಮಾಡಿದ್ದೆ ನೀನು. ದೂರದ ಬೆಟ್ಟ ನುಣ್ಣಗೆ ಅಂತ ಹೇಳಿ ನನ್ನ ಬಾಯಿ ಮುಚ್ಚಿಸಬೇಡ.

ಭಾವನಿಗೆ ಹೇಳು, ನಮ್ಮ ಮೇಜಿನ ಹೆಂಗಸರೆಲ್ಲ ಅವರನ್ನು ಮೆಚ್ಚಿಕೊಂಡಿದ್ದಾರೆ. ಹೆಂಡತಿ ಹೇಳಿದ ಮೇಲೆ ಕನ್ನಡಿ ನೋಡದ ಗಂಡನನ್ನು ಯಾರೂ ಕಂಡಿಲ್ಲವಂತೆ.

ಟ್ರಂಕುಗಳು ಭದ್ರವಾಗಿವೆ. ಮಗಳು ಚೆನ್ನಾಗಿದ್ದಾಳೆ. ನೀವು ಹಿಂದೆ ತಿರುಗಿ ನೋಡದೆ ಹೋಗಿ. ಕಾಗದ ಮಾತ್ರ ಉದ್ದ ಬರಲಿ.

ನಿನ್ನ ತಂಗಿ

~

ಬೆಟ್ಟದ ತಪ್ಪಲಿನ ಊರಿನಿಂದ
ಮಾರ್ಚ್ ೩

ತಂಗೀ,

ಇದನ್ನು ಊಟದ ಮೇಜಿನಲ್ಲಿ ಓದಬೇಡ. ಬರೆಯುವುದು ತಡವಾಯಿತು. ಡಬ್ಬಿಯಲ್ಲಿ ಎಲ್ಲದಕ್ಕೂ ಜಾಗ ಮಾಡಿದ್ದೇವೆ, ಗುಟ್ಟಿಗೆ ಮಾತ್ರ ಇಲ್ಲ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಯಂತ್ರ ತಿರುಗುತ್ತಿರುವಷ್ಟು ಹೊತ್ತು ಬರೆಯುತ್ತಿದ್ದೇನೆ.

ನಿನ್ನ ಭಾವನ ಕಣ್ಣು ಹೋಗುತ್ತಿದೆ. ಮೊದಮೊದಲು ನನಗೂ ತಿಳಿಯಲಿಲ್ಲ. ಪೆಟ್ರೋಲ್ ಬಂಕು ದಾಟಿಕೊಂಡು ಹೋಗಿಬಿಡುತ್ತಿದ್ದರು. "ಬೋರ್ಡಿಗೆ ಬಣ್ಣ ಹೊಡೆಸೋಕೂ ಗತಿ ಇಲ್ವಾ ಈ ಊರವರಿಗೆ" ಅಂತ ಬೈಯುತ್ತಿದ್ದರು, ಬೋರ್ಡು ನೋಡಿದರೆ ನಿನ್ನೆ ಬರೆದಂತೆ ಹೊಳೆಯುತ್ತಿರುತ್ತಿತ್ತು. ಹೋದ ವಾರ ಒಂದು ತಳ್ಳುಗಾಡಿಯ ಹತ್ತಿರ ಎಷ್ಟು ತಡವಾಗಿ ಬ್ರೇಕು ಹಾಕಿದರೆಂದರೆ, ಅದರ ಮೇಲಿನ ಪಾತ್ರೆಗಳೆಲ್ಲ ನಮ್ಮ ಗಾಜಿನ ತನಕ ಬಂದವು. ಆಗ ಹಟ ಹಿಡಿದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಪರೀಕ್ಷೆ ಮುಗಿಯುವ ಹೊತ್ತಿಗೆ ಡಬ್ಬಿ ಗೇಟಿಗೆ ಅಡ್ಡವಾಗಿದೆ ಅಂತ ಕಾವಲುಗಾರ ಕೂಗಿದ, ಇವರು ತೆಗೆಯಲು ಹೋದರು. ಡಾಕ್ಟರು ನನಗೊಬ್ಬಳಿಗೇ ಹೇಳಿದರು. ಕಣ್ಣಿನ ಹಿಂದಿನ ಪರದೆ ಸವೆದಿದೆಯಂತೆ. ನೋಟದ ನಡುಭಾಗಕ್ಕೆ ಮಂಜು ಕವಿಯುತ್ತದೆ, ಅದು ಹರಡುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಗಾಡಿ ಓಡಿಸುವುದು ಇವತ್ತಿಗೇ ನಿಲ್ಲಬೇಕು ಅಂದರು. ಹೊರಗೆ ಬಂದೆ. ಇವರು ಸ್ಟಿಯರಿಂಗ್ ಹಿಡಿದು ಕೂತಿದ್ದರು. "ಏನಂದ್ರು?" ಅಂದರು. "ಕಣ್ಣು ಒಣಗಿದೆಯಂತೆ, ಹನಿ ಬಿಟ್ಕೊಂಡ್ರೆ ಸರಿಹೋಗುತ್ತಂತೆ" ಅಂದುಬಿಟ್ಟೆ. ಬಾಯಿಂದ ತಾನಾಗಿ ಬಂತು. "ಅಷ್ಟೇ ತಾನೆ" ಅಂತ ಗಾಡಿ ಹೊರಡಿಸಿದರು. ಎರಡನೇ ಸಲ ಕೇಳಲೂ ಇಲ್ಲ. ಈಗ ಮೂರು ಹೊತ್ತು ತಪ್ಪದೆ ಹನಿ ಬಿಟ್ಟುಕೊಳ್ಳುತ್ತಾರೆ, "ಪರವಾಗಿಲ್ಲ, ಇವತ್ತು ಸ್ವಲ್ಪ ಚೆನ್ನಾಗಿದೆ" ಅನ್ನುತ್ತಾರೆ.

ಎಲ್ಲಾದರೂ ಒಂದು ಕಡೆ ನಿಂತುಬಿಡೋಣ ಅಂದರೆ ಡಬ್ಬಿಯವರಿಗೆ ನಿಲ್ಲುವುದೇ ಕಷ್ಟ. ಎರಡು ರಾತ್ರಿ ಕಳೆದರೆ ಯಾರಾದರೂ ಬಂದು ಗಾಜು ತಟ್ಟಿ ಮುಂದೆ ಹೋಗಿ ಅನ್ನುತ್ತಾರೆ. ನನಗೆ ಗಾಡಿ ಓಡಿಸಲು ಬಾರದು. ನಿಜ ಹೇಳಿದರೆ ಇವರು ಉಳಿಯುವುದಿಲ್ಲ ಅಂತ ಹೆದರಿಕೆ, ಹೇಳದಿದ್ದರೆ ದಾರಿಯಲ್ಲಿ ಯಾರು ಉಳಿಯುತ್ತಾರೋ ಅಂತ ಹೆದರಿಕೆ. ಬಿಸಿ ತುಪ್ಪದ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು.

ನೀನೇ ಒಂದು ನೆಪ ಹುಡುಕು. ಹುಷಾರಿಲ್ಲ ಅನ್ನು, ಕೆಲಸ ಹೋಗಿದೆ ಅನ್ನು, ಏನಾದರೂ ಬರೆದು ನಮ್ಮನ್ನು ಕರೆಸಿಕೋ. ನಿನಗೋಸ್ಕರ ಅಂದರೆ ಇವರು ಮರುಮಾತಿಲ್ಲದೆ ಬರುತ್ತಾರೆ. ಹಿಂದಿನ ಕೋಣೆಯಲ್ಲಿ ಒಂದು ಸಲ ಕಾಲು ಚಾಚಿದರೆ ಆಮೇಲೆ ಮೆಲ್ಲಗೆ ಹೇಳುತ್ತೇನೆ. ಇವರಿಗೆ ಮಾತ್ರ ಯಾವ ಕಾರಣಕ್ಕೂ ತಿಳಿಸಬೇಡ. ಮುಂದೆ ಗಡಿಯಾರ ಗೋಪುರದ ಊರಿಗೆ ಹೋಗುತ್ತಿದ್ದೇವೆ, ಅಲ್ಲಿಗೆ ಬರೆ.

ಅಕ್ಕ

~

ಮಾರ್ಚ್ ೧೪

ಅಕ್ಕಾ,

ನಿನ್ನ ಕಾಗದವನ್ನು ಊಟದ ಮೇಜಿಗೆ ತರದೆ ಒಬ್ಬಳೇ ಓದಿದೆ. ಹೀಗೆ ಹೆದರಬೇಡ. ಡಾಕ್ಟರುಗಳು ಒಂದಕ್ಕೆರಡು ಹೇಳುತ್ತಾರೆ, ಅದು ಅವರ ಕಸುಬು. ಇನ್ನೊಬ್ಬರಿಗೆ ತೋರಿಸಿ ನೋಡು. ಎಷ್ಟಾದರೂ ನಮ್ಮ ಭಾವ ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸುವವರು. ಪಕ್ಕದಲ್ಲಿ ನೀನಿದ್ದೀಯ.

ನನಗೆ ಹುಷಾರಿಲ್ಲ ಅಂತ ಬರೆಯಲು ಮನಸ್ಸು ಬರಲಿಲ್ಲ. ಹಾಗೆ ಬರೆದರೆ ಭಾವ ಎಲ್ಲೂ ನಿಲ್ಲಿಸದೆ, ನಿದ್ದೆ ಬಿಟ್ಟು ಓಡಿಸಿಕೊಂಡು ಬರುತ್ತಾರೆ, ಅದಕ್ಕಿಂತ ಅಪಾಯ ಬೇರೆ ಬೇಕೇ? ಕೋಣೆಯ ವಿಷಯ ಆಮೇಲೆ ಮಾತಾಡೋಣ. ಸದ್ಯಕ್ಕೆ ನಿಧಾನವಾಗಿ ಓಡಿಸಲಿ. ಗೋಪುರ ಹೇಗಿದೆ ಬರೆ. ಇಲ್ಲಿ ಎಲ್ಲರೂ ಕೇಳುತ್ತಿದ್ದಾರೆ.

ತಂಗಿ

~

ಗಡಿಯಾರ ಗೋಪುರದ ಊರಿನಿಂದ
ಮಾರ್ಚ್ ೩೦

ತಂಗಿಗೆ,

ಗೋಪುರ ಚೆನ್ನಾಗಿದೆ. ಗಡಿಯಾರ ನಿಂತಿದೆ.

ನೀನು ಹೇಳಿದ ಹಾಗೆ ಪಕ್ಕದಲ್ಲಿ ನಾನಿದ್ದೇನೆ. ಈಗ ಇವರ ಕಣ್ಣು ನಾನೇ. ಕೂತಲ್ಲಿಂದ ಒಂದೇ ಸಮ ಒದರುತ್ತೇನೆ: ಮುಂದೆ ಲಾರಿ, ಎಡಕ್ಕೆ ಸ್ವಲ್ಪ, ಹಳ್ಳ ಇದೆ, ನಿಧಾನ, ಸೈಕಲ್ಲು. ಇವರಿಗೆ ಇದೊಂದು ತಮಾಷೆ. "ಟಿಕೆಟ್ ಹರಿಯೋದು ನಿಂತ್ಮೇಲೆ ನಿನ್ನ ಬಾಯಿಗೆ ಕೆಲಸ ಇಲ್ಲ ನೋಡು" ಅಂತ ನಗುತ್ತಾರೆ. ನಗುತ್ತಲೇ ನಾನು ಹೇಳಿದ ಕಡೆಗೆ ತಿರುಗಿಸುತ್ತಾರೆ. ಒಂದು ಸಲವೂ ಅನುಮಾನವಿಲ್ಲ. ಅನುಮಾನ ಪಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮೊನ್ನೆ ಮಾರುಕಟ್ಟೆ ಬೀದಿಯಲ್ಲಿ ಒಬ್ಬಳು ಮುದುಕಿ ಕೊಡೆ ಹಿಡಿದು ರಸ್ತೆ ದಾಟುತ್ತಿದ್ದಳು. ನನಗೆ ಮಾತು ಹೊರಡಲಿಲ್ಲ, ಸೀಟಿ ಊದಿದೆ. ಇವರು ನಿಲ್ಲಿಸಿದರು. ಮುದುಕಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಮ್ಮಿಬ್ಬರನ್ನೂ ನೋಡಿದಳು. "ಯಾಕೆ ಊದಿದೆ?" ಅಂದರು ಇವರು. ಅವಳು ಇವರಿಗೆ ಕಂಡಿರಲೇ ಇಲ್ಲ. ಏನೋ ಹೇಳಿದೆ.

ತಂಗೀ, ನನಗೆ ನಿನ್ನ ಬುದ್ಧಿಮಾತು ಬೇಡ. 'ಬನ್ನಿ' ಅಂತ ಒಂದು ಸಾಲು ಬೇಕು. ಅದನ್ನು ಬರೆಯಲು ನಿನಗೇನು ಅಡ್ಡಿ ಅಂತ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ನಾವು ನಿನಗೆ ಅಷ್ಟು ಭಾರವಾದೆವಾ? ಮುಂದಿನ ಊರು ನದಿಯ ದಂಡೆಯದು, ದೊಡ್ಡ ಸೇತುವೆ ಇರುವುದು.

ಅಕ್ಕ

~

ಏಪ್ರಿಲ್ ೨೫

ಅಕ್ಕಾ,

ನದಿ ದಂಡೆಯ ಊರಿಗೆ ಬರೆದ ಎರಡಕ್ಕೂ ಉತ್ತರವಿಲ್ಲ. ಇದು ಮೂರನೆಯದು. ಕೋಪ ಇದ್ದರೆ ಬೈದು ಬರೆ, ಖಾಲಿ ಕಾರ್ಡಾದರೂ ಹಾಕು. ಊಟದ ಹೊತ್ತಿಗೆ ಎಲ್ಲರೂ ನನ್ನ ಕೈ ನೋಡುತ್ತಾರೆ, ಅಕ್ಕ ಊರೂರು ತಿರುಗುವುದರಲ್ಲಿ ಮೈಮರೆತಿದ್ದಾಳೆ ಅಂತ ಸುಳ್ಳು ಹೇಳುತ್ತಿದ್ದೇನೆ.

ನೀವು ಭಾರ ಅಂತ ಯಾವತ್ತೂ ಅಂದುಕೊಂಡವಳಲ್ಲ. ಒಂದು ತಿಂಗಳು ತಡಿ. ಜೂನ್ ಬರಲಿ, ನಾನೇ ಕರೆಸಿಕೊಳ್ಳುತ್ತೇನೆ. ಯಾಕೆ ಅಂತ ಕೇಳಬೇಡ.

ತಂಗಿ

~

ನದಿ ದಂಡೆಯ ಊರಿನ ಆಸ್ಪತ್ರೆಯಿಂದ
ಮೇ ೨

ನಾದಿನಿಗೆ,

ಇದನ್ನ ಬರೀತಿರೋದು ಇಲ್ಲಿಯ ನರ್ಸಮ್ಮ. ನಾನು ಹೇಳ್ತಿದ್ದೀನಿ, ಅವರು ಬರ್ಕೊಳ್ತಿದ್ದಾರೆ. ನಿನ್ನ ಅಕ್ಕ ಬದುಕಿದ್ದಾಳೆ. ಮೊದಲು ಅದನ್ನ ಓದ್ಕೋ.

ಹತ್ತು ದಿನದ ಹಿಂದೆ, ಈ ಊರಿಗೆ ಬಂದ ದಿನವೇ, ನಾವು ಒಂದು ಆಟದ ಮೈದಾನದ ಪಕ್ಕ ನಿಲ್ಲಿಸಿದ್ವಿ. ಗಾಡಿ ಹಿಂದಕ್ಕೆ ತೆಗೆದೇ ಆಚೆ ಬರಬೇಕಿತ್ತು. ಅವಳು ಇಳಿದು ಹೋಗಿದ್ದಳು, ಗಾಡಿ ಕೆಳಗೆ ಟ್ಯಾಂಕಿನ ನೀರು ಹೋಗೋ ಕೊಳಾಯಿ ತಿರುಗಿಸಿ ಬರ್ತೀನಿ ಅಂತ. ನಾನು ಗೇರ್ ಹಾಕಿ ಕಾಯ್ತಿದ್ದೆ. ಸೀಟಿ ಕೇಳಿಸ್ತು. ಎರಡು. ಬಿಟ್ಟೆ.

ಅದು ಅವಳ ಸೀಟಿ ಅಲ್ಲ. ಮೈದಾನದಲ್ಲಿ ಆಟದ ಮೇಷ್ಟ್ರು ಮಕ್ಕಳಿಗೆ ಊದಿದ್ದು. ಅವಳು ಹಿಂದೆ ಗಾಲಿ ಹತ್ರ ಬಗ್ಗಿದ್ದಳು. ಅವಳು ಕೂಗ್ಕೊಂಡ್ಲು, ನಾನು ನಿಲ್ಲಿಸ್ದೆ. ಬಲಗಾಲು ಮಂಡಿಯಿಂದ ಕೆಳಗೆ ನುಜ್ಜಾಗಿದೆ. ಇಳಿದು ಗಾಡಿ ಕೆಳಗೆ ಕೈ ಹಾಕಿ ತಡಕಾಡ್ದೆ. ಎಲ್ಲಿದ್ದಾಳೆ ಅಂತ ಕಾಣಿಸ್ಲಿಲ್ಲ. ಮಕ್ಕಳು ಓಡಿ ಬಂದು ಎತ್ತಿದ್ರು.

ಕನ್ನಡಿ ನೋಡಲಿಲ್ವಾ ಅಂತ ಎಲ್ಲರೂ ಕೇಳಿದ್ರು. ಕಂಡಕ್ಟರ್ ಹೇಳಿದ ಮೇಲೆ ಡ್ರೈವರ್ ಕನ್ನಡಿ ನೋಡಲ್ಲ ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ. ಆಮೇಲೆ ನನ್ನ ಕಣ್ಣು ನೋಡಿದ್ರು. ಇದು ವರ್ಷದ ಮೇಲಿಂದ ಹೋಗ್ತಾ ಇದೆ, ಈ ಹನಿ ಬರೀ ನೀರಿದ್ದ ಹಾಗೆ, ನಿಮಗೆ ಯಾರೂ ಹೇಳಿರಲಿಲ್ವಾ ಅಂದ್ರು. ಹೋಗಿ ಅವಳನ್ನ ಕೇಳ್ದೆ. ಅತ್ತಳು. ಇಪ್ಪತ್ತಾರು ವರ್ಷ ಅವಳು ರೈಟ್ ಅಂದ್ರೆ ನಾನು ಹೊರಟಿದ್ದೀನಿ. ಐವತ್ತು ಜನರ ಜೀವ ಹಿಂದೆ ಇಟ್ಕೊಂಡು ಹೊರಟಿದ್ದೀನಿ. ನನಗೆ ಕಣ್ಣಿಲ್ಲ ಅಂತ ಗೊತ್ತಿದ್ದೂ ಎರಡು ತಿಂಗಳು ರೈಟ್ ಅಂದಳಲ್ಲ.

ನಿನ್ನ ಹತ್ರ ಒಂದೇ ಮಾತು ಕೇಳ್ಬೇಕು. ನಿನಗೆ ಗೊತ್ತಿತ್ತಾ?

ಭಾವ

~

ಮೇ ೯

ಅಕ್ಕಾ,

ಮೂರು ದಿನದಿಂದ ಬರೆದು ಬರೆದು ಹರಿಯುತ್ತಿದ್ದೇನೆ. ಹಾರಿ ಬಂದುಬಿಡಬೇಕು ಅನ್ನಿಸುತ್ತದೆ, ಬರಲಾರೆ. ಯಾಕೆ ಅಂತ ಈಗ ಹೇಳುತ್ತೇನೆ.

ಹಿಂದಿನ ಕೋಣೆ ಖಾಲಿ ಇಲ್ಲ. ಮಗಳು ಎರಡು ಮಕ್ಕಳನ್ನು ಕರೆದುಕೊಂಡು ಕಳೆದ ನವೆಂಬರಿನಲ್ಲೇ ಬಂದುಬಿಟ್ಟಳು. ಅಳಿಯ ಕೈ ಮಾಡುತ್ತಿದ್ದ. ಅವಳ ತೋಳು ಇನ್ನೂ ಸರಿಯಾಗಿ ಮೇಲಕ್ಕೆ ಏಳುವುದಿಲ್ಲ. ನಾನು ಕೆಲಸಕ್ಕೆ ಹೋದರೆ ಮೂರು ಜನರ ಹೊಟ್ಟೆ ತುಂಬುತ್ತದೆ, ರಾತ್ರಿ ಹೊತ್ತು ಅವಳೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಬಂದರೆ ಅವನು ಬಾಗಿಲು ಒಡೆಯುತ್ತಾನೆ. ನೀನು ಮುಂದೆ ನಿಂತು ಮಾಡಿಸಿದ ಮದುವೆ. ತಿಳಿದರೆ ನೀನು ನಿನ್ನನ್ನೇ ಬೈದುಕೊಂಡು ಕೊರಗುತ್ತೀಯ ಅಂತ ಮುಚ್ಚಿಟ್ಟೆ. ನೀವು ಬಂದರೆ ಗುಟ್ಟು ರಟ್ಟಾಗುತ್ತದೆ ಅಂತ 'ಬನ್ನಿ' ಅನ್ನಲಿಲ್ಲ. ಜೂನಿಗೆ ಅವಳಿಗೊಂದು ಬೇರೆ ಕೋಣೆ ಹುಡುಕುವ ಆಸೆಯಿತ್ತು, ಸಿಗಲಿಲ್ಲ. ನಿನ್ನ ಸಂತೋಷ ಕೆಡಿಸಬಾರದು ಅಂತ ಹೋಗಿ ನಿನ್ನ ಕಾಲನ್ನೇ ಕೆಡಿಸಿದೆ.

ಭಾವ ನನಗೆ ಗೊತ್ತಿತ್ತಾ ಅಂತ ಕೇಳಿದ್ದಾರೆ. ಗೊತ್ತಿತ್ತು. ಮಾರ್ಚಿನಲ್ಲೇ ನೀನು ಬರೆದಿದ್ದೆ. ಅವರಿಗೆ ತಿಳಿಸಬೇಡ ಅಂದಿದ್ದೆ, ತಿಳಿಸಲಿಲ್ಲ.

ಈಗ ಬನ್ನಿ. ಕೋಣೆ ಇಲ್ಲದಿದ್ದರೆ ಬೇಡ, ಅಡುಗೆಮನೆ ಇದೆ, ನಡುಮನೆ ಇದೆ, ಮಕ್ಕಳು ನನ್ನ ಜೊತೆ ಮಲಗುತ್ತವೆ. ಮನಸ್ಸಿದ್ದರೆ ಮಾರ್ಗ. ಆಸ್ಪತ್ರೆಯವರು ಬಿಟ್ಟ ದಿನವೇ ಹೊರಟು ಬನ್ನಿ. ಇದನ್ನು ಭಾವನಿಗೆ ಓದಿ ಹೇಳು.

ತಂಗಿ

~

ಆಸ್ಪತ್ರೆಯಿಂದ
ಮೇ ೨೦

ತಂಗೀ,

ನಿನ್ನ ಕಾಗದ ಬಂತು. ಮಗಳ ವಿಷಯ ಓದಿ ಮುಖ ಗೋಡೆಗೆ ತಿರುಗಿಸಿ ಅತ್ತೆ. ಮಲಗಿದವಳು ಅಷ್ಟನ್ನಾದರೂ ಮಾಡಬಹುದು. ಆ ಹುಡುಗನನ್ನು ನೋಡಿ ಒಪ್ಪಿಸಿದವಳು ನಾನು. ಅವಳಿಗೆ ಹೇಳು, ದೊಡ್ಡಮ್ಮ ತಲೆ ತಗ್ಗಿಸಿದ್ದಾಳೆ ಅಂತ. ನಾವಿಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದು ಮಾಡಲು ಹೋಗಿ ಎಂಥಾ ಕೆಲಸ ಮಾಡಿಕೊಂಡೆವು ನೋಡು. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲು ನನ್ನ ಹತ್ತಿರ ಮುಖವಾದರೂ ಎಲ್ಲಿದೆ?

ಕಾಲು ಉಳಿದಿದೆ. ಮೊದಲಿನ ಹಾಗೆ ಮೆಟ್ಟಿಲು ಹತ್ತುವುದು ಕಷ್ಟ ಅಂದಿದ್ದಾರೆ. ಡಬ್ಬಿ ಹಿಂದಿನ ಅಂಗಳದಲ್ಲಿ, ಹಳೇ ಮಂಚಗಳ ಪಕ್ಕದಲ್ಲಿ ನಿಂತಿದೆ, ಕಿಟಕಿಯಿಂದ ಕಾಣುತ್ತದೆ. ಇವರು ಅದರಲ್ಲೇ ಮಲಗುತ್ತಾರೆ. ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟಿದ್ದಾರೆ. ಗಾಡಿ ನಿಂತರೆ ಸಾಕು ಅಂತ ನಾನು ಎಷ್ಟು ಬೇಡಿಕೊಂಡಿದ್ದೆ! ನಿಂತಿತು.

ಬೆಳಿಗ್ಗೆ ಸಂಜೆ ಗೋಡೆ ಹಿಡಿದುಕೊಂಡು ವಾರ್ಡಿಗೆ ಬರುತ್ತಾರೆ. ಬೈದರೆ ಚೆನ್ನಾಗಿತ್ತು. ಒಂದು ಗಡಸು ಮಾತೂ ಇಲ್ಲ. ಆದರೆ ನಾನು ಏನು ಹೇಳಿದರೂ ಇನ್ನೊಬ್ಬರನ್ನು ಕೇಳುತ್ತಾರೆ. ಊಟ ಆಯ್ತಾ ಅನ್ನುತ್ತಾರೆ. ಆಯ್ತು ಅಂದರೆ, ಪಕ್ಕದ ಮಂಚದವಳ ಕಡೆ ತಿರುಗಿ, "ತಿಂದಳೇನಮ್ಮ?" ನೋವಿಲ್ಲ ಅಂದರೆ ನರ್ಸಮ್ಮನ ಕಡೆಗೆ, "ಹೌದಾ?" ಒಂದು ದಿನ ನಿಜವಾಗಿಯೂ ನೋವು ಇರಲಿಲ್ಲ ತಂಗೀ. ಅದನ್ನೂ ಕೇಳಿದರು.

ನಿನ್ನ ಕಾಗದ ಬಂದಾಗ ಇವರು ಇಲ್ಲೇ ಕೂತಿದ್ದರು. ಓದು ಅಂದರು. ಓದಿದೆ, ಮಗಳ ವಿಷಯ, ಕೋಣೆಯ ವಿಷಯ, ಬನ್ನಿ ಅಂದದ್ದು, ಎಲ್ಲ. 'ಗೊತ್ತಿತ್ತು' ಅಂತ ನೀನು ಬರೆದ ಆ ಒಂದು ಜಾಗಕ್ಕೆ ಬಂದಾಗ ದಾಟಿಸಿಬಿಟ್ಟೆ. ನನ್ನ ಮೇಲೆ ಹೋದ ನಂಬಿಕೆ ಹೋಯಿತು, ನಿನ್ನ ಮೇಲಾದರೂ ಉಳಿಯಲಿ, ನಾಳೆ ನಿನ್ನ ಮನೆಯಲ್ಲಿ ತಾನೆ ನಾವು ಇರಬೇಕು ಅಂತ. ಯೋಚಿಸಿ ಮಾಡಿದ್ದಲ್ಲ. ನಾಲಿಗೆ ತಾನಾಗಿ ಮುಂದಿನ ಸಾಲಿಗೆ ಹೋಯಿತು.

"ನಾನು ಕೇಳಿದ್ದಕ್ಕೆ ಏನೂ ಬರೆದಿಲ್ವಾ?" ಅಂದರು.

"ಇಲ್ಲ" ಅಂದೆ.

ಕೈ ಚಾಚಿದರು. ಕಾಗದ ಕೊಟ್ಟೆ. ಎದ್ದು ನಿಂತು, ನರ್ಸಮ್ಮನ ದನಿ ಬಂದ ಕಡೆಗೆ ಹಿಡಿದು, "ಇದನ್ನ ಒಂದ್ಸಲ ಪೂರ್ತಿ ಓದಿ ತಾಯಿ" ಅಂದರು. ಆ ಹುಡುಗಿಗೆ ಪಾಪ ಏನು ಗೊತ್ತು? ಒಂದಕ್ಷರ ಬಿಡದೆ ಓದಿದಳು. ಇವರು ಕೇಳಿಸಿಕೊಂಡು, ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವಳನ್ನೇ ಕೇಳಿದರು, "ಬನ್ನಿ ಅಂತ ಬರೆದಿದ್ದಾಳಲ್ಲ, ಅದಾದರೂ ಇದೆಯಾ ಅದರಲ್ಲಿ?" ಇದೆ ಅಂದಳು.

ಡಬ್ಬಿಯನ್ನು ಇಲ್ಲೇ ಬಿಟ್ಟು ರೈಲಿನಲ್ಲಿ ಹೋಗೋಣ ಅಂತ ಆಗ ಹೇಳಿದೆ. ಇವರು ಬಾಗಿಲ ಕಡೆಗೆ ತಿರುಗಿದರು. ನೀನೇ ಎರಡು ದಿನಕ್ಕಾದರೂ ಬರುವ ದಾರಿ ಇದ್ದರೆ ನೋಡು. ನಾನು ಕರೆದರೆ ಇವರು ಏಳುವುದಿಲ್ಲ, ನೀನು ಕರೆದರೆ ಏಳುತ್ತಾರೋ ಇಲ್ಲವೋ, ಅದೂ ನನಗೆ ಈಗ ಗೊತ್ತಾಗುವುದಿಲ್ಲ.

ನರ್ಸಮ್ಮನ ತೋಳು ಹಿಡಿದುಕೊಂಡು ಹೊರಟರು. ವಾರ್ಡಿನ ಬಾಗಿಲ ಹತ್ತಿರ ನಿಂತು, "ಇಲ್ಲಿ ಮೆಟ್ಟಿಲು ಎಷ್ಟು?" ಅಂದರು. ನಾನು ಮಲಗಿದಲ್ಲಿಂದಲೇ, ಅಭ್ಯಾಸ ನೋಡು, "ಮೂರು" ಅಂತ ಕೂಗಿದೆ. ಇವರು ಅಲುಗಲಿಲ್ಲ. ನರ್ಸಮ್ಮ ಮೂರು ಅನ್ನುವ ತನಕ ಕಾಲೆತ್ತಲಿಲ್ಲ.

ಅಕ್ಕ